ಇಂಗ್ಲಿಷಿನ ಲೋಪಚಿಹ್ನೆ: ನಿಯಮವೋ, ರೂಢಿಯೋ?

ಇಂಗ್ಲಿಷನ್ನು ಕಲಿತ ನಮ್ಮವರಲ್ಲಿ, ಅವರು ವಿದ್ಯಾರ್ಥಿಗಳಾಗಲಿ, ಗುಮಾಸ್ತರಾಗಲಿ, ಉನ್ನತಾಧಿಕಾರಿಗಳೇ ಆಗಲಿ, ಅಕ್ಷರದ ತಲೆಯ ಪಕ್ಕದಲ್ಲಿ ತೂಗುವ ಒಂದು ಸಣ್ಣ ಕೊಕ್ಕೆಯ ಮುಂದೆ ಲೇಖನಿಯನ್ನು ತಡೆದು ಯೋಚಿಸದವರು ವಿರಳ. ಅಪಾಸ್ಟ್ರೊಫಿ ಎಂದು ಅದರ ಹೆಸರು; ಕನ್ನಡದಲ್ಲಿ ಲೋಪಚಿಹ್ನೆ ಎನ್ನಬಹುದು. ನೋಡಲು ಸಾಸಿವೆಯಷ್ಟಿದ್ದರೂ ಅದರ ಅಧಿಕಾರವು ಅಲ್ಪವಲ್ಲ. ಅರ್ಜಿಯಲ್ಲಿ ಅದು ತಪ್ಪಿದರೆ ಅಭ್ಯರ್ಥಿಯ ವಿದ್ಯೆಯನ್ನೇ ಶಂಕಿಸುವವರುಂಟು. ಕಡತದ ಕರಡಿನಲ್ಲಿ ತಪ್ಪಿದರೆ ಕೆಂಪು ಮಸಿಯಿಂದ ಸುತ್ತುಹಾಕಿ ಹಿಂದಿರುಗಿಸುವವರುಂಟು. ಹೀಗೆ ಜನರ ಯೋಗ್ಯತೆಯನ್ನು ಅಳೆಯುವ ಮಾನದಂಡವಾಗಿ ನಿಂತಿರುವ ಈ ಚಿಹ್ನೆಯು ತಾನೇ ಎಷ್ಟುಮಟ್ಟಿಗೆ ನೆಟ್ಟಗಿದೆ ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ನಿಯಮಗಳನ್ನೇ ನೋಡೋಣ. ಒಡೆತನವನ್ನು ಸೂಚಿಸಬೇಕಾದರೆ ಏಕವಚನದ ನಾಮಪದಕ್ಕೆ ಮೊದಲು ಕೊಕ್ಕೆಯನ್ನಿಟ್ಟು ಆ ಮೇಲೆ ಎಸ್ ಅಕ್ಷರವನ್ನು ಬರೆಯಬೇಕು. ಪದವು ಎಸ್‌ನಿಂದ ಮುಗಿಯುವ ಬಹುವಚನವಾದರೆ ಕೊಕ್ಕೆಯು ಎಸ್‌ನ ಆಚೆಗೆ ಹೋಗಬೇಕು. ಬಹುವಚನವಾಗಿದ್ದೂ ಎಸ್‌ನಿಂದ ಮುಗಿಯದಿದ್ದರೆ ಅದು ಪುನಃ ಈಚೆಗೆ ಬರಬೇಕು. ಆದ ಕಾರಣ ಒಂದು ತಿಂಗಳ ನೋಟೀಸನ್ನು ಬರೆಯುವ ಗುಮಾಸ್ತನು ಕೊಕ್ಕೆಯನ್ನು ಎಸ್‌ನ ಹಿಂದೆ ಇಡತಕ್ಕದ್ದು; ಎರಡು ತಿಂಗಳ ನೋಟೀಸಾದರೆ ಮುಂದೆ ಇಡತಕ್ಕದ್ದು. ಸರ್ವನಾಮಗಳಿಗಾದರೋ ನ್ಯಾಯವೇ ಬೇರೆ. ನಿನ್ನದು, ಅವಳದು, ಅವರದು ಎಂಬರ್ಥದ ಪದಗಳಿಗೆ ಕೊಕ್ಕೆಯು ಸಲ್ಲದು; ಯಾರೋ ಒಬ್ಬರದು ಎಂಬರ್ಥದ ಪದಕ್ಕೆ ಮಾತ್ರ ಬೇಕೇ ಬೇಕು. ಎಸ್‌ನಿಂದ ಮುಗಿಯುವ ವ್ಯಕ್ತಿನಾಮಗಳಿಗೆ ಇನ್ನೊಂದು ಎಸ್ ಸೇರಿಸಬೇಕೇ ಬೇಡವೇ ಎಂಬಲ್ಲಿ ಪಂಡಿತರಲ್ಲಿಯೇ ಎರಡು ಮತಗಳು. ಲಂಡನ್ನಿನ ಸೇಂಟ್ ಜೇಮ್ಸ್ ಉದ್ಯಾನದ ಹೆಸರಿನಲ್ಲಿ ಆ ಎಸ್ ಉಂಟು. ನ್ಯೂಕ್ಯಾಸಲಿನ ಕಾಲ್ಚೆಂಡಿನ ಮೈದಾನಕ್ಕೂ ಅದೇ ಹೆಸರು, ಅಲ್ಲಿ ಅದು ಇಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕಲಿಯುವವರನ್ನು ಕಾಡುವ ಪದವು 'ಇಟ್ಸ್'. ಅದರದು ಎಂಬ ಅರ್ಥದಲ್ಲಿ ಕೊಕ್ಕೆಯಿಲ್ಲದೆಯೂ, ಅದು ಆಗಿದೆ ಎಂಬ ಅರ್ಥದಲ್ಲಿ ಕೊಕ್ಕೆಯೊಡನೆಯೂ ಅದನ್ನು ಬರೆಯತಕ್ಕದ್ದು. ಒಡೆತನಕ್ಕೆ ಕೊಕ್ಕೆ ಎಂದು ನಿನ್ನೆಯ ಪಾಠದಲ್ಲಿ ಕಲಿತ ಬಾಲಕನು ಇಲ್ಲಿ ಅದನ್ನೇ ಪಾಲಿಸಿದರೆ ಪೆಟ್ಟು ತಿನ್ನುವನು. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ; ಏಕೆಂದರೆ ಕಿವಿಗೆ ಎರಡೂ ಒಂದೇ. ತೊಡಕಿನ ಮೂಲವೂ ಇದೇ. ಅರಸನ, ಅರಸರ, ಅರಸರು ಎಂಬ ಮೂರನ್ನೂ ಇಂಗ್ಲಿಷಿನ ನಾಲಗೆಯು 'ಕಿಂಗ್ಸ್' ಎಂದು ಒಂದೇ ರೀತಿಯಾಗಿ ನುಡಿಯುತ್ತದೆ. ನಾಲಗೆಯು ಮಾಡದ ಭೇದವನ್ನು ಲೇಖನಿಯು ಮಾಡಬೇಕಾಗಿದೆ. ಕಿವಿಯ ಸಹಾಯವಿಲ್ಲದ ನಿಯಮವನ್ನು ಬಾಯಿಪಾಠದಿಂದಲೇ ಉಳಿಸಿಕೊಳ್ಳಬೇಕಾದುದರಿಂದ, ಅದನ್ನು ತಾಯ್ನುಡಿಯಾಗಿ ಪಡೆದವರೂ ತಪ್ಪುತ್ತಾರೆ.

ಈ ಚಿಹ್ನೆಯು ಇಂಗ್ಲಿಷಿನೊಡನೆ ಹುಟ್ಟಿದ್ದಲ್ಲ. ಹೆಸರನ್ನು ಗ್ರೀಕ್ ಭಾಷೆಯಿಂದಲೂ ಬಳಕೆಯನ್ನು ಫ್ರೆಂಚರಿಂದಲೂ ಪಡೆದು 16ನೆಯ ಶತಮಾನದಲ್ಲಿ ಅದು ಇಂಗ್ಲೆಂಡನ್ನು ಪ್ರವೇಶಿಸಿತು. ಆಗ ಅದಕ್ಕೆ ಇದ್ದುದು ಒಂದೇ ಕೆಲಸ: ನುಡಿಯುವಾಗ ಬಿದ್ದುಹೋದ ಅಕ್ಷರದ ಸ್ಥಾನವನ್ನು ತೋರಿಸುವುದು. ಸಂಸ್ಕೃತದಲ್ಲಿ 'ಕೋಽಪಿ' ಎಂದು ಬರೆಯುವಾಗ ಅಡಗಿದ ಅಕಾರವನ್ನು ಅವಗ್ರಹವು ಸೂಚಿಸುವಂತೆ ಇದು. ಅವಗ್ರಹವು ತನ್ನ ಕೆಲಸದಲ್ಲಿಯೇ ನಿಂತಿತು. ಇಂಗ್ಲಿಷಿನ ಕೊಕ್ಕೆಯಾದರೋ ಷಷ್ಠೀವಿಭಕ್ತಿಯ ಅಧಿಕಾರವನ್ನೂ ವಹಿಸಿಕೊಂಡಿತು. ಹಳೆಯ ಇಂಗ್ಲಿಷಿನಲ್ಲಿ ಎಷ್ಟೋ ನಾಮಪದಗಳ ಷಷ್ಠಿಗೆ 'ಎಸ್' ಎಂಬ ಸ್ವರಸಹಿತವಾದ ಪ್ರತ್ಯಯವಿತ್ತು. ಕಾಲಕ್ರಮದಲ್ಲಿ ಅದರ ಸ್ವರವು ಸವೆದುಹೋಯಿತು. ಹೋದ ಸ್ವರದ ಗುರುತಿಗಾಗಿ ಕೊಕ್ಕೆಯನ್ನಿಡುವ ಪದ್ಧತಿಯು 17ನೆಯ ಶತಮಾನದಲ್ಲಿ ಹರಡಿತು. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಟಕಸಂಪುಟದಲ್ಲಿ ಷಷ್ಠೀರೂಪಗಳು ಬಹುಮಟ್ಟಿಗೆ ಕೊಕ್ಕೆಯಿಲ್ಲದೆಯೇ ಇವೆ. ಬಹುವಚನದ ಷಷ್ಠಿಯ ನಿಯಮವು ನೆಲೆಗೊಂಡುದು ಇನ್ನೂ ತಡವಾಗಿ, 18ನೆಯ ಶತಮಾನದ ಕೊನೆಯ ಸುಮಾರಿಗೆ.

ಇಲ್ಲೊಂದು ನ್ಯಾಯವಾದ ಪ್ರಶ್ನೆಯಿದೆ. ಬಹುವಚನದ ಪ್ರತ್ಯಯದಲ್ಲಿಯೂ ಅಂತಹದೇ ಸ್ವರವು ಸವೆದುಹೋಗಿದೆಯಷ್ಟೆ. ಷಷ್ಠಿಯಲ್ಲಿ ಸತ್ತ ಸ್ವರಕ್ಕೆ ಸ್ಮಾರಕವಾದರೆ, ಬಹುವಚನದಲ್ಲಿ ಸತ್ತ ಸ್ವರಕ್ಕೆ ಏಕಿಲ್ಲ? ಇದಕ್ಕೆ ರೂಢಿಯೊಂದೇ ಉತ್ತರ. ಇನ್ನು ವಿದ್ವಾಂಸರೂ ಈ ಚಿಹ್ನೆಯ ಅರ್ಥದಲ್ಲಿ ದಾರಿತಪ್ಪಿದವರೇ. ಅರಸನ ಕಿರೀಟವೆಂಬುದು 'ಅರಸ, ಅವನ ಕಿರೀಟ' ಎಂಬ ಪ್ರಯೋಗದ ಸಂಕ್ಷೇಪವೆಂದು ಬಹುಕಾಲ ನಂಬಲಾಗಿತ್ತು. ಸ್ಯಾಮ್ಯುಯೆಲ್ ಜಾನ್ಸನನು 1755ರ ತನ್ನ ನಿಘಂಟಿನಲ್ಲಿ, ಸ್ತ್ರೀವಾಚಕ ಪದಗಳಿಗೂ ಇದೇ ಪ್ರತ್ಯಯವು ಬರುವುದರಿಂದ ಆ ವಾದವು ನಿಲ್ಲಲಾರದೆಂದು ತೋರಿಸಿಕೊಟ್ಟನು. ಇಂದು ಮಹಾಪರಾಧವೆನಿಸಿರುವ ಕೊಕ್ಕೆಸಹಿತವಾದ 'ಇಟ್ಸ್' ಎಂಬ ಷಷ್ಠೀರೂಪವನ್ನು ಜೇನ್ ಆಸ್ಟೆನಳೂ, ಅಮೆರಿಕದ ಥಾಮಸ್ ಜೆಫರ್ಸನನೂ ಬಳಸಿದ್ದಾರೆ. ಜಾರ್ಜ್ ಬರ್ನಾರ್ಡ್ ಷಾ ಮಹಾಶಯನಂತೂ ತನ್ನ ನಾಟಕಗಳ ಅಚ್ಚಿನಲ್ಲಿ ಸಂಕ್ಷೇಪಪದಗಳ ಕೊಕ್ಕೆಗಳನ್ನು ಬಹುಮಟ್ಟಿಗೆ ಕಿತ್ತುಹಾಕಿಸಿದನು. ಅವನ ಮಾತಿನ ಹರಿತವು ಇದರಿಂದ ಯತ್ಕಿಂಚಿತ್ತೂ ಮೊಂಡಾಗಲಿಲ್ಲ.

ಇಂದಿನ ಸ್ಥಿತಿಯಾದರೂ ಉತ್ತಮವೇ? ಕೇಂಬ್ರಿಜ್ಜಿನ ಕ್ವೀನ್ಸ್ ಕಾಲೇಜು ಇಬ್ಬರು ರಾಣಿಯರ ಆಶ್ರಯದ್ದಾದುದರಿಂದ ಅಲ್ಲಿ ಕೊಕ್ಕೆಯು ಎಸ್‌ನ ಆಚೆಗಿದೆ. ಆಕ್ಸ್‌ಫರ್ಡಿನದು ಒಬ್ಬಳೇ ರಾಣಿಯದಾದುದರಿಂದ ಈಚೆಗಿದೆ. ಲಂಡನ್ನಿನ ಸುರಂಗ ರೈಲ್ವೆಯಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಕೊಕ್ಕೆಯುಂಟು. ಪಿಕಡಿಲಿ ಮಾರ್ಗದಲ್ಲಿ ಅದರ ನೆರೆಯಲ್ಲಿರುವ ಬ್ಯಾರನ್ಸ್ ಕೋರ್ಟಿಗೆ ಇಲ್ಲ. ಬರ್ಮಿಂಗ್‌ಹ್ಯಾಮಿನ ನಗರಸಭೆಯು 2009ರಲ್ಲಿ ಬೀದಿಯ ಫಲಕಗಳಿಂದ ಕೊಕ್ಕೆಯನ್ನು ಬಹಿಷ್ಕರಿಸಿತು. ಅಮೆರಿಕದ ಭೌಗೋಳಿಕ ನಾಮಗಳ ಮಂಡಲಿಯು 1890ರಲ್ಲಿ ಸ್ಥಾಪಿತವಾದಂದಿನಿಂದ ಸ್ಥಳನಾಮಗಳಲ್ಲಿ ಷಷ್ಠಿಯ ಕೊಕ್ಕೆಯನ್ನು ನಿರುತ್ತೇಜನಗೊಳಿಸುತ್ತ ಬಂದು, ಇಡೀ ದೇಶದಲ್ಲಿ ಐದೇ ಹೆಸರುಗಳಿಗೆ ವಿನಾಯಿತಿಯನ್ನು ಕೊಟ್ಟಿದೆ. ವಾಟರ್‌ಸ್ಟೋನ್ಸ್ ಎಂಬ ಪ್ರಸಿದ್ಧ ಪುಸ್ತಕದ ಅಂಗಡಿಯು 2012ರಲ್ಲಿ ತನ್ನ ಹೆಸರಿನ ಕೊಕ್ಕೆಯನ್ನು ಬಿಟ್ಟಿತು. ಇದರ ರಕ್ಷಣೆಗೆಂದು 2001ರಲ್ಲಿ ಅಲ್ಲಿ ಸಂಘವೊಂದು ಹುಟ್ಟಿತು. 2019ರಲ್ಲಿ ಅದರ ಸ್ಥಾಪಕನೇ ಅಜ್ಞಾನವೂ ಸೋಮಾರಿತನವೂ ಗೆದ್ದವೆಂದು ಕೈಚೆಲ್ಲಿದನು. ಬಳಿಕ ಬೇರೊಬ್ಬರು ಅದಕ್ಕೆ ಪುನರ್ಜೀವವನ್ನು ಕೊಟ್ಟರು. ತರಕಾರಿಯ ಅಂಗಡಿಗಳ ಬರಹದಲ್ಲಿ ಬರಿಯ ಬಹುವಚನಕ್ಕೂ ಕೊಕ್ಕೆಯನ್ನು ಹಾಕುವ ಚಾಳಿಯು ಎಷ್ಟು ವ್ಯಾಪಕವೆಂದರೆ, ಈ ತಪ್ಪಿಗೆ 'ತರಕಾರಿಯವನ ಕೊಕ್ಕೆ' ಎಂದೇ ಅಲ್ಲಿ ಹೆಸರಾಗಿದೆ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎಂಬ ನಮ್ಮ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ಕೆಲವರು ನಮ್ಮನ್ನು ಹಾಸ್ಯಮಾಡಬಹುದು. ಚಿಹ್ನೆಯು ನಿರರ್ಥಕವೆಂದು ನಾವು ವಾದಿಸುವುದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಒಬ್ಬನು, ತನ್ನ ಹಿಂದಿನ ಧಣಿಯು ನಿವೃತ್ತಿನಿಧಿಯ ಹಣವನ್ನು ಸಲ್ಲಿಸಲಾರನೆಂದು ಜಾಲತಾಣದಲ್ಲಿ ಬರೆಯುವಾಗ, ನೌಕರನೆಂಬ ಪದಕ್ಕೆ ಎಸ್ ಹಚ್ಚಿ ಕೊಕ್ಕೆಯನ್ನು ಬಿಟ್ಟನು. ಒಬ್ಬ ನೌಕರನ ಹಣವೆಂದು ತನ್ನ ಇಂಗಿತವಿತ್ತೆಂದು ಅವನ ವಾದ. ಎಲ್ಲ ನೌಕರರ ಹಣವೆಂದು ಓದುವವರು ತಿಳಿಯಬಹುದೆಂದು ಎದುರುವಾದ. 2021ರಲ್ಲಿ ನ್ಯಾಯಾಲಯವು ಮಾನನಷ್ಟದ ಆ ದಾವೆಯನ್ನು ವಜಾಮಾಡಲೊಪ್ಪಲಿಲ್ಲ. ಕೊಕ್ಕೆಯು ಇಷ್ಟು ಬೆಲೆಬಾಳುತ್ತದೆ, ನಿಜ. ಆದರೆ 'ನೌಕರನ', 'ನೌಕರರ' ಎಂದು ನುಡಿಯುವ ಕನ್ನಡದಲ್ಲಿ ಈ ವ್ಯಾಜ್ಯವು ಹುಟ್ಟುವುದೇ ಅಸಾಧ್ಯವಾಗಿತ್ತು! ನಮ್ಮಲ್ಲಿಯೂ ಲೋಪವಿದೆ, ಊರು ಊರು ಸೇರಿ ಊರೂರು ಆಗುತ್ತದೆ. ಕೇಶಿರಾಜನು ಏಳು ಶತಮಾನಗಳಿಗೂ ಹಿಂದೆಯೇ ತನ್ನ 'ಶಬ್ದಮಣಿದರ್ಪಣ'ದಲ್ಲಿ ಸಂಧಿಯನ್ನು ನಿರೂಪಿಸಿದನು. ಬಿದ್ದ ಸ್ವರಕ್ಕೆ ಕೊಕ್ಕೆಯನ್ನು ತೂಗುಹಾಕುವ ಅಗತ್ಯವು ಕನ್ನಡಕ್ಕೆ ಬೀಳಲಿಲ್ಲ.

ಇಂಗ್ಲಿಷನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಲಿಯುವವರು ಅದನ್ನು ಚೆನ್ನಾಗಿಯೇ ಕಲಿಯಲಿ. ಆದರೆ ಉಪಾಧ್ಯಾಯರು ಈ ನಿಯಮವನ್ನು ಬ್ರಹ್ಮಲಿಪಿಯೆಂಬಂತೆ ಹೇರದೆ, ಅಚ್ಚುಕೂಟಗಳ ರೂಢಿಯೆಂಬುದನ್ನು ಅದರ ಚರಿತ್ರೆಯೊಡನೆ ತಿಳಿಸಲಿ. ಕಾರಣವನ್ನರಿತ ಬಾಲಕನು ಬೇಗ ಕಲಿಯುವನು. ಪರೀಕ್ಷಕರೂ ಅಧಿಕಾರಿಗಳೂ ತಪ್ಪನ್ನು ತಿದ್ದಲಿ, ಆದರೆ ತಪ್ಪಿದವನ ಬುದ್ಧಿಯನ್ನು ಅದರಿಂದ ಅಳೆಯದಿರಲಿ. ಕನ್ನಡವು ಈ ರಾಜ್ಯದ ಆಡಳಿತಭಾಷೆಯೆಂದು 1963ರ ಅಧಿನಿಯಮವೇ ಸಾರಿದೆ. ಹೀಗಿದ್ದೂ ಇಂಗ್ಲಿಷಿನ ಒಂದು ಕೊಕ್ಕೆ ತಪ್ಪಿದರೆ ನಾಚಿ ನೀರಾಗುವ ನಾವು, ನಮ್ಮ ಬೀದಿಯ ಫಲಕಗಳಲ್ಲಿ ಒತ್ತಕ್ಷರಗಳು ತಲೆಕೆಳಗಾಗಿ ನಿಂತಿದ್ದರೂ ಕಣ್ಣೆತ್ತಿ ನೋಡದೆ ಹಾದುಹೋಗುತ್ತೇವೆ. ನಾಚಿಕೆಯೆಂಬುದು ನಮಗಿದ್ದರೆ, ಅದರಲ್ಲಿ ಮೊದಲ ಪಾಲು ತಾಯ್ನುಡಿಗೆ ಸಲ್ಲತಕ್ಕದ್ದು.