ಸೂರಿನಡಿಯ ಶತ್ರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಕೊಂಡ ಮನೆಯೇ ಒಂದು ದಿನ ವಾಸಕ್ಕೆ ಅಯೋಗ್ಯವೆಂದು ಗೊತ್ತಾದರೆ ಗೃಹಸ್ಥನ ಗತಿಯೇನು? ಆಸ್ಟ್ರೇಲಿಯದ ರಾಜಧಾನಿಯಾದ ಕ್ಯಾನ್‌ಬೆರಾದಲ್ಲಿ 2014ರಲ್ಲಿ ಸಾವಿರಕ್ಕೂ ಮಿಕ್ಕಿದ ಮನೆಗಳವರು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಪರಸ್ಪರ ವಿರೋಧಿಗಳಾದ ರಾಜಕೀಯ ಪಕ್ಷಗಳು ಒಂದಾಗಿ ಅದಕ್ಕೆ ಉತ್ತರ ಹುಡುಕಿದ ಬಗೆಯು ತಿಳಿಯತಕ್ಕದ್ದಾಗಿದೆ.

ಚಳಿಗೆ ಕಂಡ ಉಪಾಯ

ಕ್ಯಾನ್‌ಬೆರಾದ ಚಳಿಗಾಲ ಬಲು ಕಠಿಣವಾದುದು. ಮನೆಯ ಶಾಖವು ಹೊರಹೋಗದಂತೆ ತಡೆಯಲು 1968ರಿಂದ 1979ರ ವರೆಗೆ ಅಲ್ಲಿ ಒಂದು ಸಂಸ್ಥೆಯು ಮಾಡಿಗೂ ಒಳಚಾವಣಿಗೂ ನಡುವಣ ಜಾಗದಲ್ಲಿ ಆಸ್ಬೆಸ್ಟಾಸಿನ ಪುಡಿನಾರನ್ನು ಕೊಳವೆಯ ಮೂಲಕ ಊದಿ ತುಂಬಿಸುತ್ತಿತ್ತು. ಜನರು ಮುಂದೆ ಅದನ್ನು 'ಮಿಸ್ಟರ್ ಫ್ಲಫಿ' ಎಂದು ಕರೆದರು. ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎಂದು ಹೆಸರು. ಕಲ್ಲಿನಿಂದ ಬಂದ ಈ ನಾರು ಬೆಂಕಿಗೆ ಸುಡದು, ಶಾಖವನ್ನು ಸುಲಭವಾಗಿ ಹಾಯಗೊಡದು. ಆದರೆ ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದ ಕ್ಯಾನ್ಸರಿಗೂ, ಶ್ವಾಸಕೋಶದ ಹೊದಿಕೆಗೆ ತಗಲುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರಿಗೂ ಕಾರಣವಾಗಬಲ್ಲವು. ರೋಗವು ಹಲವು ದಶಕಗಳ ತರುವಾಯ ತಲೆದೋರುವುದುಂಟು.

1968ರಲ್ಲಿಯೇ ಕೇಂದ್ರ ಆರೋಗ್ಯ ಇಲಾಖೆಯ ತಜ್ಞರೊಬ್ಬರು ಈ ಕೆಲಸವನ್ನು ನಿಲ್ಲಿಸಬೇಕೆಂದು ಎಚ್ಚರಿಸಿದ್ದರು. ಆಗ ಆ ನಗರದ ಆಡಳಿತವು ನೇರವಾಗಿ ಕೇಂದ್ರ ಸರ್ಕಾರದ ಕೈಯಲ್ಲಿತ್ತು. ಆದರೂ ಕೆಲಸ ನಿಲ್ಲಲಿಲ್ಲ.

1980ರ ದಶಕದ ಕೊನೆಗೆ ಸರ್ಕಾರವು ಎಚ್ಚೆತ್ತು, ಮನೆಮನೆಯನ್ನೂ ಪರೀಕ್ಷಿಸಿ, ಸುಮಾರು ಸಾವಿರ ಮನೆಗಳ ಮಾಡಿನಿಂದ ನಾರನ್ನು ತೆಗೆಸಿತು. 1993ರಲ್ಲಿ ಆ ಕಾರ್ಯ ಮುಗಿಯಿತು. ಮನೆಯವರು ನಿಶ್ಚಿಂತರಾದರು, ಎಷ್ಟೋ ಮನೆಗಳು ಕೈಬದಲಾದವು. ಆದರೆ ಎಳೆಗಳು ಅಷ್ಟರಲ್ಲಿಯೇ ಗೋಡೆಗಳ ಒಳಪೊಳ್ಳಿಗೂ ನೆಲದಡಿಗೂ ಇಳಿದುಹೋಗಿದ್ದವು. ಹಳೆಯ ತಪಾಸಣೆಗೆ ಸಿಕ್ಕದೆ ಉಳಿದಿದ್ದ ಮನೆಯೊಂದನ್ನು 2013ರಲ್ಲಿ ಕೆಡವಿದಾಗ ಈ ಸಂಗತಿ ಬಯಲಾಯಿತು. 2014ರ ಆರಂಭದಲ್ಲಿ ಮನೆಯೊಡೆಯರಿಗೆ ಎಚ್ಚರಿಕೆಯ ಪತ್ರಗಳು ಬಂದವು. ಮಕ್ಕಳ ಬಟ್ಟೆಯಿಟ್ಟ ಕಪಾಟನ್ನು ತೆರೆಯಲೂ ತಾಯಂದಿರು ಅಂಜುವಂತಾಯಿತು. ಮನೆ ಬಿಟ್ಟು ಹೊರಡಬೇಕಾದ ಸಂಸಾರಕ್ಕೆ 10,000 ಡಾಲರ್, ಪ್ರತಿ ಮಗುವಿಗೆ ಮತ್ತೆ 2,000 ಡಾಲರ್ ತುರ್ತು ನೆರವು ದೊರೆಯಿತು.

ಹೊಣೆ ಯಾರದು?

ಕೇಂದ್ರದಲ್ಲಿ ಆಗ ಟೋನಿ ಅಬಟ್ ಅವರ ಲಿಬರಲ್-ನ್ಯಾಷನಲ್ ಸರ್ಕಾರ. ಕ್ಯಾನ್‌ಬೆರಾದಲ್ಲಿ ಕೇಟಿ ಗ್ಯಾಲಗರ್ ಅವರ ಲೇಬರ್ ಸರ್ಕಾರ. ತಪ್ಪು ನಡೆದ ಕಾಲದಲ್ಲಿ ಆಳುತ್ತಿದ್ದುದು ಕೇಂದ್ರ. 1989ರಲ್ಲಿ ಸ್ವಯಮಾಡಳಿತ ಪಡೆದುದು ನಗರ. ಹೊಣೆ ನಿನ್ನದು, ನನ್ನದಲ್ಲ ಎಂದು ವಾದಿಸುತ್ತಲೇ ವರ್ಷಗಳು ಕಳೆಯಬಹುದಿತ್ತು. ಆದರೆ ಮನೆಯೊಡೆಯರು ಸಂಘಟಿತರಾಗಿ ಎಲ್ಲ ಪಕ್ಷಗಳ ಬಾಗಿಲನ್ನೂ ತಟ್ಟಿದರು. 2014ರ ಅಕ್ಟೋಬರ್ 28ರಂದು ಒಪ್ಪಂದ ಪ್ರಕಟವಾಯಿತು. ಕೇಂದ್ರವು 100 ಕೋಟಿ ಡಾಲರನ್ನು ಕಡಿಮೆ ಬಡ್ಡಿಯ ಸಾಲವಾಗಿ ನೀಡತಕ್ಕದ್ದು. ನಗರ ಸರ್ಕಾರವು ಆ ಮನೆಗಳನ್ನು ಕಲ್ನಾರೇ ಇಲ್ಲವೆಂಬಂತೆ ಬೆಲೆಕಟ್ಟಿ ಕೊಂಡು, ಕೆಡವಿ, ನಿವೇಶನಗಳನ್ನು ಶುದ್ಧಗೊಳಿಸಿ ಮಾರತಕ್ಕದ್ದು. ನಗರದ ಲಿಬರಲ್ ವಿರೋಧಪಕ್ಷವೂ ವಿವರಗಳನ್ನು ಪ್ರಶ್ನಿಸುತ್ತಲೇ ಮೂಲೋದ್ದೇಶವನ್ನು ಬೆಂಬಲಿಸಿತು. 2015ರಲ್ಲಿ ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯವೂ ಇಂಥದೇ ಯೋಜನೆಯನ್ನು ಕೈಗೊಂಡಿತು.

ಇದರಿಂದ ಎಲ್ಲರ ಕಣ್ಣೀರೂ ಒರೆಸಿಹೋಯಿತೆನ್ನಲಾಗದು. ಕೇಂದ್ರ ಕೊಟ್ಟದ್ದು ದಾನವಲ್ಲ, ಸಾಲ. ನಷ್ಟದ ಭಾರ ಬಿದ್ದುದು ನಗರದ ಬೊಕ್ಕಸಕ್ಕೆ. ನಿವೇಶನವನ್ನು ಮರಳಿ ಕೊಳ್ಳುವ ಮೊದಲ ಹಕ್ಕು ಹಿಂದಿನ ಒಡೆಯರಿಗಿದ್ದರೂ, ಅಂದಿನ ಮಾರುಕಟ್ಟೆಯ ಬೆಲೆ ತೆತ್ತು ಹೊಸಮನೆ ಕಟ್ಟುವ ಶಕ್ತಿ ಅನೇಕರಿಗಿರಲಿಲ್ಲ. ತಾವೇ ನೆಟ್ಟು ಬೆಳೆಸಿದ ಮರಗಳನ್ನು ಬಿಟ್ಟುಹೋಗಬೇಕಾದ ವೃದ್ಧರ ಸಂಕಟಕ್ಕೆ ಬೆಲೆಕಟ್ಟುವವರಾರು? ಅಂಥ ಮನೆಗಳಲ್ಲಿ ವಾಸವಿದ್ದ ಗಂಡಸರಲ್ಲಿ ಮೀಸೊಥೀಲಿಯೋಮದ ಪ್ರಮಾಣವು ಇತರರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಆಸ್ಟ್ರೇಲಿಯನ್ ನ್ಯಾಷನಲ್ ವಿಶ್ವವಿದ್ಯಾನಿಲಯದ ಸಂಶೋಧನೆಯು ತಿಳಿಸಿತು. ಮುಂದೆ ರೋಗಪೀಡಿತರ ನೆರವಿಗಾಗಿಯೂ ಎರಡು ಸರ್ಕಾರಗಳು ಕೂಡಿ ನಿಧಿಯೊಂದನ್ನು ಸ್ಥಾಪಿಸಿದವು.

ನಮ್ಮ ಮಾಡಿನ ಮಾತು

ಆಸ್ಟ್ರೇಲಿಯವು 2003ರ ಕೊನೆಯಿಂದ ಕಲ್ನಾರನ್ನು ಸಂಪೂರ್ಣ ನಿಷೇಧಿಸಿದೆ. ನಮ್ಮಲ್ಲಿ ಕಲ್ನಾರಿನ ಸಿಮೆಂಟ್ ಶೀಟುಗಳು ಕೊಟ್ಟಿಗೆಗೂ ಕಾರ್ಖಾನೆಗೂ ಬಡವರ ಮನೆಗೂ ಸೂರಾಗಿವೆ. ಸಿಮೆಂಟಿನಲ್ಲಿ ಬಂಧಿತವಾದ ನಾರು ಪುಡಿನಾರಿನಷ್ಟು ಸುಲಭವಾಗಿ ಗಾಳಿಗೆ ಸೇರದಾದ್ದರಿಂದ ಗಾಬರಿಗೆ ಕಾರಣವಿಲ್ಲ. ಆದರೆ ಶೀಟನ್ನು ಗರಗಸದಿಂದ ಕೊಯ್ಯುವಾಗ, ತೂತು ಕೊರೆಯುವಾಗ, ಒಡೆದ ಚೂರುಗಳನ್ನು ಒಣಪೊರಕೆಯಿಂದ ಗುಡಿಸುವಾಗ ಏಳುವ ಧೂಳು ನಿರಪಾಯಕರವಲ್ಲ. ಅಂಥ ಕೆಲಸವನ್ನು ತಿಳಿದವರಿಗೆ ಬಿಡುವುದೇ ಲೇಸು.

ತಪ್ಪಿನ ವಿಚಾರಣೆ ನಡೆಯಲೇಬೇಕು. ಆದರೆ ಅದು ಮುಗಿಯುವ ವರೆಗೆ ಸಂಸಾರಗಳನ್ನು ವಿಷದ ಸೂರಿನಡಿ ಕಾಯಿಸಬಾರದು. ಕ್ಯಾನ್‌ಬೆರಾದಲ್ಲಿ ಒಬ್ಬರನ್ನೊಬ್ಬರು ಒಪ್ಪದ ಪಕ್ಷಗಳು ಒಪ್ಪಿದುದು ಈ ಒಂದು ಮಾತನ್ನು.