ಗಾಳಿಕೋವಿ: ಬೆಲೆ ಎಷ್ಟು, ಗುಣ ಎಷ್ಟು?

ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ಜಾತ್ರೆಯಂಥ ನಮ್ಮ ನಾಡಿನ ಜಾತ್ರೆಗಳನ್ನು ಕಂಡವರಿಗೆ ಬಲೂನು ಹೊಡೆಯುವ ಅಂಗಡಿ ಹೊಸದಲ್ಲ. ಹಲಗೆಯ ಮೇಲೆ ಸಾಲುಸಾಲಾಗಿ ಬಲೂನುಗಳು; ನಾಲ್ಕಾರು ಹೆಜ್ಜೆ ಈಚೆಗೆ ಒಂದು ಹಳೆಯ ಗಾಳಿಕೋವಿ, ಅಂದರೆ ಏರ್‌ಗನ್. ಅಲ್ಲಿ ನಾಲ್ಕು ಬಲೂನು ಒಡೆದ ಹುಡುಗನಿಗೆ ತನ್ನದೇ ಒಂದು ಕೋವಿ ಬೇಕೆನಿಸುವುದು ಸಹಜ. ಆದರೆ ನೋಟಕ್ಕೆ ಒಂದೇ ಬಗೆಯ ಎರಡು ಕೋವಿಗಳಲ್ಲಿ ಒಂದರ ಬೆಲೆ ಮತ್ತೊಂದರ ಮೂರರಷ್ಟಿರಬಹುದು. ಹೆಚ್ಚಿನ ಹಣ ತೆತ್ತು ನಾವು ಪಡೆಯುವುದಾದರೂ ಏನನ್ನು?

ಸಾಧಾರಣ ಗಾಳಿಕೋವಿಯಲ್ಲಿ ಸಿಡಿಮದ್ದಿಲ್ಲ. ನಳಿಗೆಯನ್ನು ಬಾಗಿಸಿದಾಗ ಒಳಗಿನ ಉಕ್ಕಿನ ಸ್ಪ್ರಿಂಗು ಅದುಮಿ ನಿಲ್ಲುತ್ತದೆ. ಕುದುರೆಯನ್ನೆಳೆದೊಡನೆ ಅದು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಕೊಳವೆಯ ಗಾಳಿ ಕ್ಷಣಮಾತ್ರದಲ್ಲಿ ಸಂಕುಚಿತವಾಗಿ ಸೀಸದ ಗುಂಡನ್ನು ಹೊರದೂಡುತ್ತದೆ.

ಮಾರುವವರು ಮೊದಲು ಹೇಳುವುದು ವೇಗವನ್ನು. ಇಲ್ಲಿ ಎಚ್ಚರ ಬೇಕು. ಚಲಿಸುವ ವಸ್ತುವಿನ ಶಕ್ತಿ ಅದರ ದ್ರವ್ಯರಾಶಿ ಮತ್ತು ವೇಗದ ವರ್ಗಗಳ ಗುಣಲಬ್ಧದ ಅರ್ಧ. 0.4 ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರು ಹೋದರೆ ಅದರ ಶಕ್ತಿ 8 ಜೌಲು. 0.5 ಗ್ರಾಂ ಗುಂಡು 180 ಮೀಟರು ಹೋದರೆ 8.1 ಜೌಲು. ವೇಗದಲ್ಲಿ ಹಿಂದುಳಿದ ಗುಂಡೇ ಶಕ್ತಿಯಲ್ಲಿ ಒಂದು ಕೂದಲೆಳೆ ಮುಂದಿದೆ! ಹಗುರವಾದ ಗುಂಡನ್ನು ಹಾಕಿ ಅಳೆದು, ದೊಡ್ಡ ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕುವುದು ಸುಲಭ. ಗುಂಡಿನ ತೂಕವನ್ನು ಹೇಳದ ವೇಗಕ್ಕೆ ಅರ್ಥವಿಲ್ಲ.

ಗುರಿಗಾರನಿಗೆ ಬೇಕಾದುದು ಪ್ರತಿಸಲವೂ ಒಂದೇ ತೆರನಾದ ಏಟು. ಇದನ್ನು ಅಳೆಯುವುದಕ್ಕೆ ಒಂದು ಕಾಗದ, ಒಂದು ಅಳತೆಪಟ್ಟಿ ಸಾಕು. ಹಿರಿಯರ ಮೇಲ್ವಿಚಾರಣೆಯಲ್ಲಿ, ಹಿಂದೆ ಭದ್ರವಾದ ಮಣ್ಣಿನ ತಡೆಯಿರುವಲ್ಲಿ, 10 ಮೀಟರು ದೂರದ ಕಾಗದಕ್ಕೆ ಒಂದೇ ಡಬ್ಬಿಯ ಐದು ಗುಂಡುಗಳನ್ನು ಹೊಡೆಯಬೇಕು. ಅತಿ ದೂರದ ಎರಡು ತೂತುಗಳ ನಡುವಣ ಅಂತರವೇ ಕೋವಿಯ ಯೋಗ್ಯತೆ. ಅದೃಷ್ಟದ ಪಾಲು ಕಳೆಯಲು ಮೂರು ನಾಲ್ಕು ಸಲ ಹೀಗೆ ಮಾಡಿ ಸರಾಸರಿ ತೆಗೆಯುವುದು ಲೇಸು. ಅಗ್ಗದ ಕೋವಿಯ ಅಂತರ 60 ಮಿಲಿಮೀಟರು, ನಡುಬೆಲೆಯದು 20, ದುಬಾರಿಯದು 18 ಬಂತೆಂದುಕೊಳ್ಳೋಣ. ಮೊದಲ ಹೆಚ್ಚಳದ ಹಣಕ್ಕೆ ದೊರೆತುದು ಗುಣ. ಎರಡನೆಯದಕ್ಕೆ ದೊರೆತುದು ಬಹುಪಾಲು ಹೆಸರು ಮತ್ತು ಹೊಳಪು.

ಎಷ್ಟು ಗುಣ ಸಾಕೆಂಬುದನ್ನು ಗುರಿಯೇ ಹೇಳುತ್ತದೆ. ಅಂಗೈಯಗಲದ ಬಲೂನನ್ನು ಹತ್ತಿರದಿಂದ ಒಡೆಯಲು ಜಾತ್ರೆಯ ಕೋವಿ ಧಾರಾಳವಾಗಿ ಸಾಕು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರು ಏರ್ ರೈಫಲ್ ಸ್ಪರ್ಧೆಯಲ್ಲಾದರೋ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರು! ಕಲಿಯುವ ವಿದ್ಯಾರ್ಥಿಯ ಅಗತ್ಯ ಇವೆರಡರ ನಡುವೆ ಇದೆ.

ಕೊಳ್ಳುವ ಮುನ್ನ ನಳಿಗೆಯ ಕೀಲನ್ನು ಅಲುಗಿಸಿ ನೋಡಬೇಕು. ಗುರಿ ಹಿಡಿಯುವ ಎರಡು ಗುರುತುಗಳ ನಡುವೆ ಅರ್ಧ ಮೀಟರು ಅಂತರವಿದ್ದು, ಒಂದು ಗುರುತು 1 ಮಿಲಿಮೀಟರು ಸರಿದರೂ 10 ಮೀಟರಿನಾಚೆ ಗುಂಡು 20 ಮಿಲಿಮೀಟರು ತಪ್ಪುತ್ತದೆ. ಗುಂಡಿಲ್ಲದೆ ಕುದುರೆಯನ್ನೆಳೆದು ಪರೀಕ್ಷಿಸಲಾಗದು. ಪಿಸ್ಟನ್ನನ್ನು ತಡೆಯುವ ಗಾಳಿಯ ಮೆತ್ತೆ ಇಲ್ಲದೆ ಅದು ಕೊಳವೆಯ ತುದಿಗೆ ಬಡಿದು ಕೆಡುತ್ತದೆ. ಗುಂಡಿನ ಡಬ್ಬಿಯಲ್ಲಿ ಜಿಪುಣತನ ಸಲ್ಲದು. ಅಂಚು ನೆಗ್ಗಿದ, ತೂಕ ಹೆಚ್ಚುಕಡಿಮೆಯಾದ ಗುಂಡುಗಳು ಉತ್ತಮ ಕೋವಿಯನ್ನೂ ಅಗ್ಗದ ಕೋವಿಯಾಗಿಸುತ್ತವೆ. ಹಲವು ವೇಳೆ ಕೋವಿಯನ್ನು ಬದಲಿಸುವುದಕ್ಕಿಂತ ಗುಂಡನ್ನು ಬದಲಿಸುವುದೇ ಕಡಿಮೆ ಖರ್ಚಿನ ಸುಧಾರಣೆ.

ಕೈಯಲ್ಲಿರುವ ಹಣವೆಲ್ಲವನ್ನೂ ಕೋವಿಗೇ ಸುರಿಯಬಾರದು. ಕಣ್ಣಿಗೆ ರಕ್ಷಕ ಕನ್ನಡಕ, ಗುಂಡನ್ನು ಹಿಡಿಯುವ ಪೆಟ್ಟಿಗೆ, ಇವಿಷ್ಟನ್ನು ಮೊದಲು ತೆಗೆದಿಡಬೇಕು. 8 ಜೌಲಿನ ಗುಂಡಿಗೂ ಕಣ್ಣನ್ನು ಕಳೆಯುವ ಬಲವಿದೆ. ಸೀಸ ವಿಷವಾದುದರಿಂದ ಬಳಿಕ ಕೈತೊಳೆಯಬೇಕು. 2016ರ ಆಯುಧ ನಿಯಮಗಳ ಪ್ರಕಾರ ಶಕ್ತಿ 20 ಜೌಲನ್ನಾಗಲಿ, ನಳಿಗೆಯ ರಂಧ್ರ 4.5 ಮಿಲಿಮೀಟರನ್ನಾಗಲಿ ಮೀರಿದರೆ ಪರವಾನಗಿ ಬೇಕು.

ಇನ್ನೊಂದು ಮಾತು. ಪಟ್ಟಣದ ಒಂದು ಮಗ್ಗುಲಲ್ಲಿ ಕರಿಘಟ್ಟವಿದ್ದರೆ ಮತ್ತೊಂದು ಮಗ್ಗುಲಲ್ಲಿ 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟು ಇದೆ. ಅಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಸುತ್ತಲ ಗದ್ದೆಗಳಲ್ಲೂ ಮೇವು ಹುಡುಕುತ್ತವೆ. ಅವುಗಳತ್ತ ಕೋವಿಯೆತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗುರಿಗಾರಿಕೆಗೆ ಕಾಗದದ ಚುಕ್ಕೆಯೇ ತಕ್ಕ ಗುರಿ. ಕೋವಿಯ ಗುಣವನ್ನು ಸುಳ್ಳಿಲ್ಲದೆ ಹೇಳುವುದೂ ಆ ಕಾಗದವೇ.