ಕಂಬಂ ಕಣಿವೆಯಲ್ಲಿ ಒಂದು ಎಣಿಕೆಯ ಆಟ: 5ರಿಂದ 14,707ರ ತನಕ

ಕರೆಂಟು ಹೋದ ರಾತ್ರಿ ಮನೆಯಲ್ಲಿ ನಾಲ್ಕೈದು ಮಕ್ಕಳಿದ್ದರೆ ಆಡಬಹುದಾದ ಆಟ ಇದು. ಖರ್ಚಿಲ್ಲ, ಕಾಗದ ಪೆನ್ಸಿಲ್ ಕೂಡ ಬೇಡ. ಮೊದಲನೆಯವ ‘ಒಂದು’ ಅಂತಾನೆ, ಒಂದರ ಬಗ್ಗೆ ಒಂದು ನಿಜ ಸಂಗತಿ ಹೇಳ್ತಾನೆ. ಪಕ್ಕದವಳು ‘ಎರಡು’ ಎನ್ನುತ್ತಾಳೆ, ಸಮಸಂಖ್ಯೆಗಳಲ್ಲಿ ಅವಿಭಾಜ್ಯ ಅದೊಂದೇ ಎನ್ನುತ್ತಾಳೆ. ಹೀಗೆ ಮುಂದಕ್ಕೆ. ಹೇಳಿದ್ದು ಸುಳ್ಳಾದರೆ ಮತ್ತೆ ಒಂದರಿಂದ ಶುರು.

ಗಣಿತ ಓದಿದವರಿಗೆ ಇದು ಸಲೀಸು. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ 1729 ಎಂದು ರಾಮಾನುಜನ್ ಹಾರ್ಡಿಗೆ ಹೇಳಿದ್ದು ಎಲ್ಲರಿಗೂ ಗೊತ್ತು. 786 ಅಂದರೆ ಅಬ್ಜದ್ ಲೆಕ್ಕದಲ್ಲಿ ಬಿಸ್ಮಿಲ್ಲಾದ ಅಕ್ಷರಗಳ ಮೊತ್ತ ಅಂತ ನಮ್ಮ ಮಕ್ಕಳೂ ತಕ್ಷಣ ಹೇಳ್ತಾರೆ. ಆದರೆ ಆಟಕ್ಕೆ ಖಾರ ಬರುವುದು ಒಂದೇ ಊರಿನ ಸಂಖ್ಯೆಗಳನ್ನು ಹುಡುಕಿ ಆಡಿದಾಗ. ಆಗ ಎಲ್ಲ ಸಂಖ್ಯೆಗೂ ಸಂಗತಿ ಸಿಗುವುದಿಲ್ಲ, ಸಿಕ್ಕಿದಲ್ಲಿಂದ ಸಿಕ್ಕಿದಲ್ಲಿಗೆ ಹಾರಬೇಕು. ಇಲ್ಲಿ ನಾವು ತಮಿಳುನಾಡಿನ ತೇನಿ, ದಿಂಡಿಗಲ್ ಕಡೆ ಹೋಗೋಣ. ಕಾರಣ ಎರಡು. ಅಲ್ಲಿ ತಲೆಮಾರುಗಳಿಂದ ಕನ್ನಡ ಮನೆಮಾತಾಗಿರುವ ಜನ ಇದ್ದಾರೆ. ಮತ್ತೆ, ಅಲ್ಲಿ ಅಡಿಗಳ ಲೆಕ್ಕದ ಜಗಳ ಒಮ್ಮೆ ಎರಡು ರಾಜ್ಯಗಳ ನಡುವಿನ ರಸ್ತೆಯನ್ನೇ ಮುಚ್ಚಿಸಿದೆ.

5ರಿಂದ ಶುರು ಮಾಡುವ. ದಿಂಡಿಗಲ್ ಜಿಲ್ಲೆಯ ಪಳನಿಯ ಪಂಚಾಮೃತಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಬಾಳೆಹಣ್ಣು, ಬೆಲ್ಲ, ತುಪ್ಪ, ಜೇನು, ಏಲಕ್ಕಿ, ಅಲ್ಲಿಗೆ ಐದು. ಖರ್ಜೂರ, ಕಲ್ಲುಸಕ್ಕರೆಯೂ ಬೀಳುತ್ತದೆ, ಹೆಸರು ಮಾತ್ರ ಐದರಲ್ಲೇ ನಿಂತಿದೆ! 12 ಅಂದರೆ ಕೊಡೈಕೆನಾಲ್ ಬೆಟ್ಟದ ನೀಲಕುರಿಂಜಿ, 2006ರಲ್ಲಿ ಅರಳಿತು, 2018ರಲ್ಲಿ ಅರಳಿತು, ಮುಂದಿನದ್ದು 2030. 18 ಮತ್ತು 58 ಆ ಕಡೆಯ ಎರಡು ಕಾಲುವೆಗಳ ಹೆಸರು. ಹೌದು, ಸಂಖ್ಯೆಯೇ ಹೆಸರು.

71ರಲ್ಲಿ ಸ್ವಲ್ಪ ನಿಲ್ಲಬೇಕು. ಆಂಡಿಪಟ್ಟಿ ಹತ್ತಿರದ ವೈಗೈ ಅಣೆಕಟ್ಟೆ ತುಂಬಿತು ಅಂದರೆ ನೀರಿನ ಮಟ್ಟ 71 ಅಡಿ ಎಂದರ್ಥ. ಆದರೆ ಅಣೆಕಟ್ಟೆಯ ಎತ್ತರ ಎಷ್ಟು ಅಂತ ಕೇಳಿದರೆ 111 ಅಡಿ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಂದು ನೀರಿನ ಲೆಕ್ಕ, ಇನ್ನೊಂದು ಕಟ್ಟಡದ ಲೆಕ್ಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು 90. ಕಂಬಂ, ಬೋಡಿನಾಯಕನೂರು ಕಡೆಯ ಕಪ್ಪಿಲಿಯರು, ಅಂದರೆ ಕನ್ನಡ ಮಾತಾಡುವ ಒಕ್ಕಲಿಗರು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದ ಎಣಿಕೆ ತಮಿಳಿಗೆ ಹತ್ತಿರ, ಎಂಬತ್ತರ ತನಕ ಹೆಚ್ಚು ಕಮ್ಮಿ ಜೊತೆಯಲ್ಲೇ ನಡೆಯುತ್ತದೆ. ತೊಂಬತ್ತಕ್ಕೆ ಬಂದಾಗ ದಾರಿ ಕವಲಾಗುತ್ತದೆ. ಕನ್ನಡದ ತೊಂಬತ್ತರಲ್ಲಿ ಇರುವುದು ‘ಹತ್ತು’. ತಮಿಳಿನ ತೊಣ್ಣೂರಿನಲ್ಲಿ ಇರುವುದು ‘ನೂರು’. ಒಂಬೈನೂರಕ್ಕೂ ಹಾಗೆಯೇ, ನಮ್ಮದರಲ್ಲಿ ನೂರಿದೆ, ತಮಿಳಿನ ತೊಳ್ಳಾಯಿರದಲ್ಲಿ ಸಾವಿರ ಇದೆ. ಮಲಯಾಳಂ ಬಲ್ಲವರಿಗೆ ಇದು ಹೊಸದಲ್ಲ, ಅಲ್ಲಿಯೂ ತೊಣ್ಣೂರು, ತೊಳ್ಳಾಯಿರವೇ. ಕನ್ನಡ ಮಗು ಹಿಂದಿನ ಮೆಟ್ಟಿಲಿನಿಂದ ಎಣಿಸಿದರೆ ತಮಿಳು ಮಗು ಮುಂದಿನ ಮೆಟ್ಟಿಲು ನೋಡಿ ಹೆಸರಿಡುತ್ತದೆ.

ಈಗ 136, 142, 152, 176. ನಾಲ್ಕೂ ಒಂದೇ ಗೋಡೆಯ ಸಂಖ್ಯೆಗಳು. ಗೋಡೆ ಮುಲ್ಲಪೆರಿಯಾರ್ ಅಣೆಕಟ್ಟೆ. ಇರುವುದು ಕೇರಳದ ಇಡುಕ್ಕಿಯಲ್ಲಿ, ನಡೆಸುವುದು ತಮಿಳುನಾಡು. ಜಾನ್ ಪೆನ್ನಿಕ್ವಿಕ್ ಎಂಬ ಇಂಜಿನಿಯರ್ 1887ರಿಂದ 1895ರ ತನಕ ಕಟ್ಟಿಸಿದ್ದು. ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಯ ನೀರನ್ನು ಸುರಂಗದಲ್ಲಿ ಪೂರ್ವಕ್ಕೆ ತಿರುಗಿಸಿ ಕಂಬಂ ಕಣಿವೆಗೆ ಇಳಿಸುತ್ತಾರೆ. ಈಗಲೂ ತೇನಿ ಕಡೆ ಮಕ್ಕಳಿಗೆ ಆ ಇಂಗ್ಲಿಷ್ ಇಂಜಿನಿಯರನ ಹೆಸರಿಡುವವರಿದ್ದಾರೆ.

176 ಅಡಿ ಅಡಿಪಾಯದಿಂದ ಲೆಕ್ಕ ಹಾಕಿದ ಎತ್ತರ. ಉಳಿದ ಮೂರು ನೀರಿನ ಮಟ್ಟಗಳು. ಹಾಗಾಗಿ ‘176ರಲ್ಲಿ 142 ತುಂಬಿತು, ಇನ್ನು 34 ಅಡಿ ಬಾಕಿ ಇದೆ’ ಅಂತ ಕಳೆಯುವ ಹಾಗಿಲ್ಲ. ವೈಗೈಯ 71, 111ರ ಕಥೆಯೇ ಇಲ್ಲಿಯೂ. 152 ಅಡಿ ಪೂರ್ಣ ಮಟ್ಟ. 1979ರ ಆಗಸ್ಟಿನಲ್ಲಿ ಗುಜರಾತಿನ ಮೋರ್ವಿ ಅಣೆಕಟ್ಟೆ ಒಡೆದು ಭಾರೀ ಸಾವುನೋವಾದ ಮೇಲೆ ಕೇರಳದಲ್ಲಿ ಭಯ ಶುರುವಾಯಿತು, ದುರಸ್ತಿ ಮುಗಿಯುವ ತನಕ ಎಂದು ನೀರನ್ನು 136 ಅಡಿಗೆ ಇಳಿಸಿದರು. 142 ಅಡಿ ಸುಪ್ರೀಂ ಕೋರ್ಟಿನ ಸಂಖ್ಯೆ. 2006ರ ಫೆಬ್ರವರಿಯಲ್ಲಿ ಅನುಮತಿ ಕೊಟ್ಟಿತು. ಮರುತಿಂಗಳೇ ಕೇರಳ ಕಾನೂನು ಮಾಡಿ 136ಕ್ಕೇ ಕಟ್ಟಿಹಾಕಿತು. 2014ರ ಮೇ 7ರಂದು ಸಂವಿಧಾನ ಪೀಠ ಆ ಕಾನೂನನ್ನು ರದ್ದು ಮಾಡಿತು. ಅದೇ ವರ್ಷ ನವೆಂಬರಿನಲ್ಲಿ, 35 ವರ್ಷಗಳ ಬಳಿಕ, ನೀರು 142 ಮುಟ್ಟಿತು.

ಇದರ ನಡುವೆ 2011 ಇದೆ. ಆ ವರ್ಷ ಇಡುಕ್ಕಿಯಲ್ಲಿ ಸಣ್ಣ ಸಣ್ಣ ಭೂಕಂಪಗಳಾದವು. ಕೇರಳ 120 ಅಡಿಗೆ ಇಳಿಸಿ ಎಂದಿತು. ಡಿಸೆಂಬರಿನಲ್ಲಿ ಕಂಬಂ ಕಣಿವೆಯ ಜನ ಸಾವಿರಾರು ಸಂಖ್ಯೆಯಲ್ಲಿ ಗಡಿಯ ಕುಮಳಿ ಕಡೆ ಹೊರಟರು. ಸಂಚಾರ ನಿಂತಿತು. ಇಡುಕ್ಕಿಯ ಏಲಕ್ಕಿ ತೋಟಗಳ ತಮಿಳು ಕೂಲಿಗಳು ಹೆದರಿ ಘಟ್ಟ ಇಳಿದರು, ಈ ಕಡೆ ಮಲಯಾಳಿಗಳ ಅಂಗಡಿಗಳ ಮೇಲೆ ದಾಳಿಗಳಾದವು. ಕೆಳಗೆ ಪೆರಿಯಾರ್ ದಂಡೆಯಲ್ಲಿ ಮಲಗುವವನಿಗೆ 142 ಅಂದರೆ ನಿದ್ದೆ ಕೆಡಿಸುವ ಸಂಖ್ಯೆ, ಕಂಬಂನ ರೈತನಿಗೆ 136 ಅಂದರೆ ಎರಡನೇ ಬೆಳೆಗೆ ಕುತ್ತು ತರುವ ಸಂಖ್ಯೆ. ಇಬ್ಬರ ಭಯವೂ ನಿಜವೇ. ಅಂಥ ಹೊತ್ತಲ್ಲಿ ‘ನೀರು ಇಷ್ಟಾಯಿತಂತೆ’ ಅಂತ ಎಲ್ಲಿಂದ ಅಳೆದದ್ದು, ಯಾವ ದಿನದ್ದು ಎಂದಿಲ್ಲದ ಒಂದು ಅಂಕಿ ಮೊಬೈಲಿಂದ ಮೊಬೈಲಿಗೆ ಓಡಿದರೆ ಏನಾಗುತ್ತದೆ ಅಂತ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ 999ಕ್ಕೆ ಹಾರೋಣ. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಮಹಾರಾಜರೊಂದಿಗೆ ಬ್ರಿಟಿಷ್ ಸರಕಾರ ಮಾಡಿಕೊಂಡ ಗೇಣಿ ಒಪ್ಪಂದ 999 ವರ್ಷಗಳದ್ದು. ಸುಮಾರು 8,000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಒಟ್ಟು 40,000. ಇದು 1970ರಲ್ಲಿ ಎಕರೆಗೆ 30 ರೂಪಾಯಿ ಆಯಿತು. ನಮ್ಮ ಕಡೆಯ ಮೂಲಗೇಣಿ ಗೊತ್ತಿದ್ದವರಿಗೆ ಇದರ ಬುದ್ಧಿವಂತಿಕೆ ಅರ್ಥವಾದೀತು: ಶಾಶ್ವತ ಅಂತ ಬರೆಯದೆಯೇ ಶಾಶ್ವತದ ಹತ್ತಿರ ತಂದು ನಿಲ್ಲಿಸಿದ್ದಾರೆ.

ಮಕ್ಕಳಿಗೆ ಇಲ್ಲೊಂದು ಲೆಕ್ಕ ಕೊಡಿ. ಗೇಣಿ ಶುರು 1886ರ ಜನವರಿ 1. ಮುಗಿಯುವುದು ಯಾವಾಗ? ಹೆಚ್ಚಿನವರು 999 ಕೂಡಿಸಿ 2885 ಅಂತಾರೆ. ಮೊದಲನೇ ವರ್ಷವೇ 1886 ಆದ್ದರಿಂದ 999ನೇ ವರ್ಷ 2884. ಅದರ ಡಿಸೆಂಬರ್ 31ಕ್ಕೆ ಲೆಕ್ಕ ಚುಕ್ತಾ. ರಂಜಾನಿನ ಉಪವಾಸ ಎಷ್ಟನೆಯದು ಅಂತ ಎಣಿಸುವಾಗ ಶುರುವಿನ ದಿನವನ್ನು ಸೇರಿಸುವ ಹಾಗೆ. 2011ರಲ್ಲೇ ‘ಡ್ಯಾಮ್ 999’ ಎಂಬ ಸಿನಿಮಾ ಬಂತು, ತಮಿಳುನಾಡು ಸರಕಾರ ಅದನ್ನು ನಿಷೇಧಿಸಿತು.

11,574 ಸಂಖ್ಯೆ ಪತ್ರಿಕೆ ಓದುವವರಿಗೆ ಉಪಯೋಗದ್ದು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿ ನೋಡಿ: 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಕ್ಯೂಸೆಕ್ಕಿಗೂ ಟಿಎಂಸಿಗೂ ವ್ಯತ್ಯಾಸ ಗೊತ್ತಿಲ್ಲದೆ ಕಾವೇರಿ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರನ್ನು ಟಿವಿಯಲ್ಲಿ ನೋಡಿದ್ದೇವೆ.

ಕೊನೆಗೆ 14,707. ಕಂಬಂ ಕಣಿವೆಯಲ್ಲಿ ಪೆರಿಯಾರ್ ನೀರು ನಂಬಿ ಎರಡು ಬೆಳೆ ತೆಗೆಯುವ ಗದ್ದೆಯ ಎಕರೆ ಲೆಕ್ಕ ಇದು. ಮೊದಲ ಬೆಳೆಗೆ ಜೂನ್ 1ಕ್ಕೆ ನೀರು ಬಿಡುವುದು ವಾಡಿಕೆ. ಮುಂಗಾರು ಕೈಕೊಟ್ಟು ಮಟ್ಟ ಏರದಿದ್ದರೆ ಆ ವರ್ಷ ತಾರೀಕು ಮುಂದಕ್ಕೆ ಹೋಗುತ್ತದೆ, ನೇಜಿ ಹಾಕಲು ಕಾದು ಕೂತವರು ತೇಕ್ಕಡಿ ಕಡೆ ಮಳೆ ಎಷ್ಟಾಯಿತು ಅಂತ ಕೇಳುತ್ತಾ ಇರುತ್ತಾರೆ.